ಹಲ್ಲಿಗೆ ಕೇಳಿದ ಜೀರುಂಡೆ

ಮೆಲ್ಕಾರಿನ ನಮ್ಮ ಅಡುಗೆಮನೆಯಲ್ಲಿ ಇವತ್ತು ಹೊಸ ಜಾಮ್ ಬಾಟಲಿ ತೆರೆದೆ. ಮುಚ್ಚಳದ ನಡುವಿನ ಉಬ್ಬು ‘ಟಕ್’ ಎಂದಿತು. ಒತ್ತಿದೆ, ಟಕ್. ಬಿಟ್ಟೆ, ಟಕ್. ಕಾವಲಿಯ ಮೇಲೆ ದೋಸೆ ಇದ್ದದ್ದು ಮರೆತೇಹೋಯಿತು. ನೀವೂ ಒತ್ತಿರುತ್ತೀರಿ, ಇಲ್ಲವೆನ್ನಬೇಡಿ.

ಜೀರುಂಡೆಯ ಹೊಟ್ಟೆಯ ಎರಡೂ ಬದಿಯಲ್ಲಿ ಇಂಥದೇ ಮುಚ್ಚಳವಿದೆ. ಸ್ನಾಯು ಎಳೆದರೆ ಒಳಕ್ಕೆ, ಬಿಟ್ಟರೆ ಹೊರಕ್ಕೆ. ಟಕ್ಕುಗಳೆಲ್ಲ ಒಂದರ ಮೇಲೊಂದು ಬಿದ್ದು ಮರವೇ ಕಿರುಚಿದಂತಾಗುತ್ತದೆ. ಹೆಬ್ಬೆರಳಿನಷ್ಟು ಮೈಗೆ ಅಷ್ಟು ಗಂಟಲಿದ್ದರೆ, ಹಡಗಿನವರು ನೀರೊಳಗೆ ಸದ್ದು ಮಾಡಲು ಇಳಿಸುವ ಯಂತ್ರವೇಕೆ ಕೊಡಪಾನದಷ್ಟಿರಬೇಕು? ಮಿಜಾರಿನಲ್ಲಿ ಇಂಜಿನಿಯರಿಂಗ್ ಓದುವಾಗ ನಾನೂ ಪುಂಜಾಲಕಟ್ಟೆಯ ಯಶೋದಾಳೂ ಇದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡೆವು. ಈ ಪ್ರಶ್ನೆ ನನಗೆ ಹೊಳೆದದ್ದೆಂದು ನನ್ನ ನೆನಪು, ತನಗೆಂದು ಅವಳದು.

ಮುಚ್ಚಳಗಳಿಗಾಗಿ ಹಾಸ್ಟೆಲಿನವರೆಲ್ಲ ಜಾಮ್ ತಿಂದರು. ಒಂದರ ಹಿಂದೆ ಪುಟ್ಟ ವಿದ್ಯುತ್ಕಾಂತ ಕೂರಿಸಿ, ನೀರು ಹೋಗದಂತೆ ಅಂಟು ಮೆತ್ತಿದೆವು. ಬಲೂನಿನೊಳಗೆ ಮೈಕು ಹಾಕಿ ನೀರಿಗಿಳಿಸಿದರೆ ಲ್ಯಾಪ್‌ಟಾಪಿನಲ್ಲಿ ಅಲೆ ಏಳುತ್ತಿತ್ತು. ಕಿವಿಯಿಂದಲೂ ಕೇಳಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಓದಿದವರು ನೋಡಿ!

ಪರೀಕ್ಷೆಯ ದಿನ ಸೀರೆಯುಟ್ಟು, ಮಲ್ಲಿಗೆ ಮುಡಿದು, ಸಿಮೆಂಟ್ ತೊಟ್ಟಿಯ ಬಳಿ ನಿಂತೆವು. ಯಂತ್ರ ನೀರಿಗಿಳಿಯಿತು. ಹಿಂದೆಯೇ ಬಲೂನ್ ಒಡೆಯಿತು, ಮೈಕು ಸತ್ತಿತು. ಪರದೆಯ ಮೇಲೆ ಗೆರೆ ಅಡ್ಡಬಿತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ತೊಟ್ಟಿಗೆ ಬಗ್ಗಿದರು. “ಎಂತದೂ ಕೇಳುವುದಿಲ್ಲವಲ್ಲ ಮಾರಾಯ್ರೆ? ಇಲ್ಲದ ಸದ್ದಿಗೆ ನಾನು ಮಾರ್ಕು ಕೊಡುವುದು ಹೇಗೆ?”

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ವರ್ಷದ ದುಡಿಮೆ ಎಂದುಕೊಂಡೆ. ಯಶೋದಾ ಮಾತ್ರ ತಣ್ಣಗೆ ಹೇಳಿದಳು: “ಸರ್, ಅದು ಮೀನುಗಳಿಗೆ ಮಾಡಿದ್ದು. ತಲೆ ಮುಳುಗಿಸಿದ್ರೆ ಕೇಳ್ತದೆ.”

ಅವಳ ಸೆರಗು ಜಗ್ಗಿದೆ. “ನಿನಗೆ ಮರ್ಲಾ? ಹುಚ್ಚು ಹಿಡಿದಿದೆಯಾ?”

“ಮತ್ತೆ ನೀನು ಮುಳುಗ್ತೀಯಾ? ಮಲ್ಲಿಗೆ ಹಾಳಾಗ್ತದೆ ನಿಂದು!”

ಪರೀಕ್ಷಕರು ಕನ್ನಡಕ ತೆಗೆದು ನನ್ನ ಕೈಗಿತ್ತು ತಲೆ ಮುಳುಗಿಸಿಯೇಬಿಟ್ಟರು. ಗುಳ್ಳೆಗಳೆದ್ದವು. ಆಮೇಲೆ ನೀರಿಳಿಯುವ ಮೀಸೆ ಮೇಲೆ ಬಂತು.

“ಉಂಟು ಮಾರಾಯ್ರೆ, ಉಂಟು! ಕಿವಿಗಲ್ಲ, ಹಲ್ಲಿಗೇ ಕೇಳಿತು!” ಎಂದವರು, ಯಾರೂ ಕೇಳದಿದ್ದರೂ ಇನ್ನೊಮ್ಮೆ ಮುಳುಗಿದರು. ನಾವು ಪಾಸಾದೆವು.

ಹಲ್ಲಿನಲ್ಲಿ ಜುಮ್ಮೆನ್ನುವ ಆ ಸದ್ದನ್ನು ಎಷ್ಟೋ ಜನರಿಗೆ ಬಣ್ಣಿಸಿದ್ದೇನೆ. ಇವತ್ತು ದೋಸೆ ಕರಟಿದ ವಾಸನೆಯ ನಡುವೆ ಹೊಳೆಯಿತು: ನನ್ನ ತಲೆ ಆ ತೊಟ್ಟಿಗೆ ಇಳಿದೇ ಇರಲಿಲ್ಲ! ಕೈಯಲ್ಲಿ ಕನ್ನಡಕ ಹಿಡಿದು, ಒದ್ದೆಯಾಗದ ಮಲ್ಲಿಗೆಯೊಂದಿಗೆ ದಡದಲ್ಲಿದ್ದೆ. ನನಗೆ ನೆನಪಿದ್ದದ್ದು ಇನ್ನೊಬ್ಬರ ಹಲ್ಲು.

ಒಲೆ ಆರಿಸಿ ಬಚ್ಚಲಿಗೆ ಹೋದೆ. ಬಕೆಟ್ ತುಂಬಿಸಿ, ಮುಚ್ಚಳ ಹಿಡಿದ ಕೈಯನ್ನೂ ತಲೆಯನ್ನೂ ಒಟ್ಟಿಗೆ ಮುಳುಗಿಸಿ ಒತ್ತಿದೆ.

ಎದ್ದಾಗ ಗಂಡ ಬಾಗಿಲಲ್ಲಿದ್ದರು. “ಎಂತ ಮಾರಾಯ್ತಿ ಇದು? ಅಲ್ಲಿ ದೋಸೆ ಇದ್ದಲಾಗಿದೆ!”

“ಹಲ್ಲಿಗೇ!” ಎಂದು ಹೇಳಿ, ಇನ್ನೊಮ್ಮೆ ಮುಳುಗಿದೆ.