ಬೆಳಗಿನ ರೈಲಿಗೆ ಇಬ್ಬರು

ಬೀದಿಯವರು ಇಸ್ತ್ರಿ ಅಕ್ಕ ಎಂದು ಕರೆಯುವ ಈಕೆ, ತಂಗಿಯೊಡನೆ ಬೆಳಗಿನ ರೈಲು ಹಿಡಿದು ಸರೋವರದ ಊರಿಗೆ ಹೋಗಿ, ದಡದಲ್ಲಿ ಹಾಯಾಗಿ ಕಾಲು ಚಾಚಿ ಕುಳಿತು ಸಂಜೆ ಮರಳುವುದೆಂದು ನಿಶ್ಚಯಿಸಿದ್ದರು. ಹಿಂದೊಮ್ಮೆ ಹೀಗೆಯೇ ಹೊರಟಾಗ ಗಂಡ ನಿಲ್ದಾಣದವರೆಗೂ ಓಡಿಬಂದು, ಜಡೆ ಹಿಡಿದು ಎಳೆದೊಯ್ದಿದ್ದ. ಈ ಸಲ ಮುನ್ನಾದಿನವೇ, ಪ್ರಯಾಣಕ್ಕೆಂದು ಅವರು ಇಸ್ತ್ರಿ ಮಾಡುತ್ತಿದ್ದ ಸೀರೆಯನ್ನು ಕಿತ್ತು ಹರಿದ. ಬಾರಿಸಿ ತುಟಿ ಒಡೆದ.

"ನಿನ್ನ ಮುಖಕ್ಕೆ ವಿಹಾರ ಬೇರೆ ಕೇಡು! ಹೊಸ್ತಿಲು ದಾಟು, ಕಾಲು ಮುರೀತೀನಿ."

ಅಕ್ಕ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಅವನ ಪಾದದ ಮೇಲೆ ಒತ್ತಿ ಹಿಡಿದರು. ಸುಟ್ಟ ಚರ್ಮದ ವಾಸನೆ ಕೋಣೆಯನ್ನು ತುಂಬಿತು. ಅವನು ಅರಚುತ್ತ ಕುಸಿದ.

ಮರುದಿನ ರೈಲು ಹೊರಟ ಮೇಲೆ ತಂಗಿ ಕೇಳಿದಳಂತೆ:

"ಹೊಡೆದಿದ್ದು ಕೈ, ನೀನು ಕಾಲು ಯಾಕೆ ಸುಟ್ಟೆ ಅಕ್ಕಾ?"

"ಸ್ಟೇಷನ್‌ಗೆ ಓಡಿ ಬರೋದು ಕೈ ಅಲ್ವಲ್ಲೇ. ಕಿಟಕಿ ತೆಗಿ, ಗಾಳಿ ಬರಲಿ."