ಹಾಲು ಕುಡಿದ ಗಿಳಿಮರಿ

ಎರಡು ಚಳಿಗಾಲದ ಹಿಂದಿನ ಮಾತು. ತಿಕೋಟಾ, ಬಬಲೇಶ್ವರದ ಸರಕಾರಿ ಪಶು ಚಿಕಿತ್ಸಾಲಯಗಳಲ್ಲಿ ನೌಕರಿ ಮುಗಿಸಿ, ನಿವೃತ್ತಿಯ ನಂತರ ವಿಜಯಪುರದ ಸ್ಟೇಷನ್ ರಸ್ತೆಯ ಪಕ್ಕದ ಓಣಿಯಲ್ಲಿ ಸಣ್ಣ ಕ್ಲಿನಿಕ್ ತೆರೆದಿದ್ದೆ. ನಾಯಿ ಬೆಕ್ಕುಗಳು ಬರುತ್ತವೆ ಅಂದುಕೊಂಡಿದ್ದರೆ, ಹಕ್ಕಿಗಳೇ ಹೆಚ್ಚು ಬಂದವು. ತೋಳಿನವರೆಗೆ ಕೈ ಹಾಕಿ ಎಮ್ಮೆಯ ಕರು ಹೊರತೆಗೆದವಳು ನಾನು. ಅಂಗೈಯಲ್ಲಿ ಅಡಗುವ ಜೀವವನ್ನು ಹಿಡಿಯಲು ಮತ್ತೆ ಪುಸ್ತಕ ಬಿಚ್ಚಿ ಓದಬೇಕಾಯಿತು. ನಮ್ಮ ಕಡೆಯ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು ಕಾನೂನಿಗೆ ವಿರುದ್ಧ. ಅದನ್ನು ತಂದವರಿಗೆ ನನ್ನಲ್ಲಿ ಮೊದಲು ಬೈಗುಳ, ಆಮೇಲೆ ಔಷಧ.

ಆ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಇಬ್ಬರು ಹೆಂಗಸರು ಮೆಟ್ಟಿಲ ಮೇಲೆ ಕುಳಿತಿದ್ದರು. ನಿಡೋಣಿಯಿಂದ ಮೊದಲ ಬಸ್ಸಿಗೆ ಬಂದವರು. ಸೊಸೆ ರೇಣುಕಾ ಬಬಲೇಶ್ವರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ಕಲ್ಲವ್ವ ಕುರಿ ಮೇಯಿಸಿಯೇ ಮನೆ ನಡೆಸಿದ ಗಟ್ಟಿ ಹೆಂಗಸು. ರೇಣುಕಾಳ ತೊಡೆಯ ಮೇಲಿದ್ದ ರಟ್ಟಿನ ಡಬ್ಬಿಯಲ್ಲಿ ಹಳೆಯ ಟವೆಲ್ಲು, ಅದರೊಳಗೆ ಬೂದು ಬಣ್ಣದ ಕಾಕಟೀಲ್ ಮರಿ. ಕಾಕಟೀಲ್ ಎಂದರೆ ಕೆನ್ನೆಯ ಮೇಲೆ ಕಿತ್ತಳೆ ಚುಕ್ಕೆ, ತಲೆಯ ಮೇಲೆ ಜುಟ್ಟು ಇರುವ ವಿದೇಶಿ ಜಾತಿಯ ಸಣ್ಣ ಗಿಳಿ. ಹೊಸ ಮನೆಯಲ್ಲಿ ಹೆಂಡತಿಗೆ ಬೇಸರವಾಗದಿರಲೆಂದು ರೇಣುಕಾಳ ಗಂಡ ಹಿಂದಿನ ವಾರ ತಂದುಕೊಟ್ಟಿದ್ದನಂತೆ.

ಮರಿ ಮೈಯ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಕಣ್ಣು ಮುಚ್ಚಿತ್ತು. ಹಕ್ಕಿ ಹೀಗೆ ಕುಳಿತರೆ ಒಳಗಿನ ಶಾಖ ಹೋಗುತ್ತಿದೆ ಎಂದರ್ಥ. ಎದೆಯ ಮೇಲ್ಭಾಗದಲ್ಲಿ ಕ್ರಾಪ್ ಎಂಬ ಚೀಲವಿರುತ್ತದೆ. ತಿಂದದ್ದು ಮೊದಲು ಅಲ್ಲಿ ನಿಂತು, ನಂತರ ಹೊಟ್ಟೆಗೆ ಇಳಿಯುತ್ತದೆ. ಈ ಮರಿಯ ಚೀಲ ನಾದಿದ ಹಿಟ್ಟಿನ ಉಂಡೆಯ ಹಾಗೆ ಗಟ್ಟಿಯಾಗಿತ್ತು. ಆದರೆ ಎದೆಯ ಮೂಳೆ ಬೆರಳಿಗೆ ಚುಚ್ಚುತ್ತಿತ್ತು. ಚೀಲ ತುಂಬಿಕೊಂಡೇ ಮರಿ ಉಪವಾಸದಿಂದ ಸಾಯುತ್ತಿತ್ತು.

"ಏನ್ ತಿನ್ನಸೀದಿ?" ಎಂದು ರೇಣುಕಾಳನ್ನು ಕೇಳಿದೆ.

"ಬರೀ ನವಣಿ ಕಾಳ್ರಿ. ಅಂಗಡಿಯವ ಕಾಳು ತಿಂತೈತಿ ಅಂದಿದ್ದ. ಹೊಸಾದು, ಯಾರೂ ಮುಟ್ಟಬ್ಯಾಡ್ರಿ, ತಾನs ಹೊಂದ್ಕೋತೈತಿ ಅಂತ ಫೋನಿನ್ಯಾಗ ನೋಡಿದ್ನಿರಿ. ಎದಿ ತುಂಬಿದ್ದು ನೋಡಿ, ತಿನ್ನಾಕತ್ತೈತಿ ಅಂತ ತಿಳ್ಕೊಂಡ್ನಿ."

ಮರಿಯ ಕೊಕ್ಕನ್ನು ಮೂಗಿನ ಹತ್ತಿರ ತಂದೆ. ಹುಳಿ ವಾಸನೆ, ಒಡೆದ ಹಾಲಿನದು. ಹಕ್ಕಿಗೆ ಹಾಲು ಅರಗುವುದಿಲ್ಲ. ಚೀಲದಲ್ಲಿ ನಿಂತ ಹಾಲು ಹುಳಿತು, ಬೂಷ್ಟು ಬೆಳೆದು, ನಂಜಾಗುತ್ತದೆ.

"ಹಾಲು ಕುಡಿಸಿದವರ್ಯಾರು?" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಕಾಯಿಲೆ ಮುಚ್ಚಿಟ್ಟು ಔಷಧ ಕೇಳುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ.

ರೇಣುಕಾ ತಾನಲ್ಲವೆಂದು ತಲೆಯಾಡಿಸಿದಳು. ಕಲ್ಲವ್ವ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು.

"ನಾನs ಕುಡಿಸೇನ್ರಿ, ಡಾಕ್ಟರ ಬಾಯಾರ. ಆಡಿನ ಹಾಲಾಗ ರೊಟ್ಟಿ ಕಿವುಚಿ ಹಾಕೀನಿ. ಈಕಿ ಸಾಲಿಗಿ ಹೋದ್ಮ್ಯಾಲ ದಿನಾ ಚೀರ್ತಿತ್ರಿ. ತಾಯಿ ಇಲ್ಲದ ಮರಿ ಚೀರೂದು ಕೇಳ್ಕೊಂತ ಹ್ಯಾಂಗ ಕುಂದ್ರಲಿ? ಎಷ್ಟು ತಬ್ಬಲಿ ಕುರಿಮರಿ ಹಿಂಗs ಬದುಕಿಸೇನಿ."

ಕುರಿ ಸಾಕಿದ ಮನೆಯಲ್ಲಿ ಯಾವ ಮರಿ ಅತ್ತರೂ ಕೈ ಮೊದಲು ಹಾಲಿನ ಗಡಿಗೆಗೇ ಹೋಗುತ್ತದೆ. ಆಕೆಯ ಲೆಕ್ಕದಲ್ಲಿ ಮರಿ ಎಂದರೆ ಹಾಲು ಕುಡಿಯುವಂಥದ್ದು. ಹಸಿವಿನ ಮಟ್ಟಿಗೆ ಆಕೆಯ ಊಹೆ ಸರಿಯೇ ಇತ್ತು: ಅದು ಕಾಳು ಒಡೆಯಲು ಬಾರದ, ಇನ್ನೂ ಚಮಚದಲ್ಲಿ ಉಣ್ಣಬೇಕಾದ ಮರಿ.

ರೇಣುಕಾಳ ಮುಖ ಕೆಂಪಾಯಿತು. "ಮುಟ್ಟಬ್ಯಾಡ್ರಿ ಅಂತ ಕೈ ಮುಗದು ಹೇಳಿದ್ನಿ, ಅತ್ತಿ. ನನ್ನ ಮಾತಿಗಿ ಆ ಮನ್ಯಾಗ ಇಷ್ಟs ಕಿಮ್ಮತ್ತು. ಇದು ಸತ್ರ ನಾ ತವರಿಗಿ ಹೊಕ್ಕೀನಿ." ಸಿಟ್ಟಿನ ಭರದಲ್ಲಿ ಆಡಿದ ಮಾತೆನಿಸಲಿಲ್ಲ, ಬಹಳ ದಿನದಿಂದ ಒಳಗೆ ಇಟ್ಟುಕೊಂಡದ್ದು ಅದು. ಕಲ್ಲವ್ವ ಎದ್ದು ಹೊರಗಿನ ಬೆಂಚಿಗೆ ಹೋದಳು. ನಾನೂ ತಡೆಯಲಿಲ್ಲ. ಜಗಳ ಬಿಡಿಸುವ ಪುರಸೊತ್ತು ನನಗಿರಲಿಲ್ಲ.

ಮೊದಲು ಮರಿಯನ್ನು ಬಲ್ಬಿನ ಶಾಖದಲ್ಲಿ ಇಟ್ಟೆ. ನಂತರ ಮೆತ್ತನೆಯ ನಳಿಕೆಯನ್ನು ಗಂಟಲಲ್ಲಿ ಇಳಿಸಿ, ಬೆಚ್ಚಗಿನ ಸಲೈನ್ ಹಾಕಿ, ಒಳಗಿನ ಹುಳಿ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡೆ. ಕೈ ತುಸು ತಪ್ಪಿದರೂ ನೀರು ಶ್ವಾಸನಾಳಕ್ಕೆ ಹೋಗಿ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮಧ್ಯೆ ಒಮ್ಮೆ ಮರಿಯ ಕತ್ತು ಜೋತುಬಿತ್ತು. ರೇಣುಕಾ ಗೋಡೆಗೆ ಮುಖ ಮಾಡಿ ನಿಂತಳು. ನಾನು ನಳಿಕೆ ತೆಗೆದು ಕಾದೆ. ಎದೆ ಮೆಲ್ಲಗೆ ಏರಿಳಿಯತೊಡಗಿತು. ಬೂಷ್ಟಿಗೆ ಔಷಧ ಕೊಟ್ಟು, ಚರ್ಮದಡಿ ದ್ರವ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಚೀಲ ಮೆತ್ತಗಾಗಿತ್ತು, ಮರಿ ಕಣ್ಣು ಬಿಟ್ಟಿತ್ತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಮರಿಗಳಿಗೆಂದೇ ಬರುವ ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಮೈಯ ಶಾಖದಷ್ಟು ಬೆಚ್ಚಗೆ ಮಾಡಿ ಚಮಚದಲ್ಲಿ ಹಿಡಿದೆ. ಹಸಿದ ಮರಿ ತಾನಾಗಿ ತಲೆ ಕುಣಿಸಿ ನುಂಗಬೇಕು. ಹಾಗೆ ನುಂಗುವಾಗ ಶ್ವಾಸನಾಳ ಮುಚ್ಚಿಕೊಳ್ಳುತ್ತದೆ. ಒತ್ತಾಯದಿಂದ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ನನ್ನ ಚಮಚಕ್ಕೆ ಮರಿ ಮುಖ ತಿರುಗಿಸಿತು. ರೇಣುಕಾ ಹಿಡಿದಾಗ ಮೂಲೆಗೆ ಸರಿದು ಹಿಸ್ಸೆಂದಿತು. ಒಂದು ವಾರ ದೂರದಿಂದಲೇ ನೋಡಿದವಳ ಕೈ ಅದಕ್ಕೆ ಹೇಗೆ ಗೊತ್ತಾಗಬೇಕು? ಹಿಟ್ಟು ತಣ್ಣಗಾಯಿತು, ಮತ್ತೆ ಕಲಸಿದೆ. ಮತ್ತೆ ಅದೇ. ಚಿಕಿತ್ಸೆಯೆಲ್ಲ ಸರಿಯಾಗಿ, ಮರಿ ಹಸಿವಿನಿಂದಲೇ ಹೋಗುತ್ತದೆಂದು ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಹೊರಗೆ ಕಲ್ಲವ್ವ ಯಾರೊಂದಿಗೋ ಬಸ್ಸಿನ ಹೊತ್ತು ಕೇಳಿದಳು. ಮರಿ ತಟ್ಟನೆ ಜುಟ್ಟು ಎತ್ತಿ, ಬಾಗಿಲ ಕಡೆ ತಿರುಗಿ, ತಲೆ ಕುಣಿಸುತ್ತ ಚೀರತೊಡಗಿತು.

ನಾನೂ ರೇಣುಕಾಳೂ ಒಬ್ಬರ ಮುಖ ಒಬ್ಬರು ನೋಡಿದೆವು. ಕರೆಯಬೇಕಾದವಳು ನಾನಲ್ಲ ಎಂದು ನನಗನ್ನಿಸಿತು. "ನೋಡವ್ವ, ಅದು ಉಣ್ಣೂದು ಅವರ ಕೈಲೇ. ನಿನ್ನ ಮಾತು ಮೀರಿದ ಕೈ ಅದು, ಖರೆ. ಏನ್ ಮಾಡ್ತಿ ನೀನs ಹೇಳು," ಎಂದೆ.

ರೇಣುಕಾ ಬಾಗಿಲಿಗೆ ಹೋಗಿ, "ಒಳಗ ಬರ್ರಿ ಅತ್ತಿ," ಎಂದಳು.

ಕಲ್ಲವ್ವ ಬಂದಳು, ಆದರೆ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದಳು. "ಬ್ಯಾಡ ಬೇ. ಒಮ್ಮಿ ಮಾಡಿದ್ದು ಸಾಕು. ಮತ್ತೇನರ ಆದ್ರ ನಿನಗ ಹ್ಯಾಂಗ ಮಾರಿ ತೋರ್ಸಲಿ?"

"ಹಿಟ್ಟು ನಾ ಕಲಸ್ತೀನಿ, ಬಿಸಿ ನಾ ನೋಡ್ತೀನಿ," ಎಂದು ರೇಣುಕಾ ಒಂದು ಹನಿಯನ್ನು ತನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡಿ, ಚಮಚವನ್ನು ಅತ್ತೆಯ ಕೈಗೆ ಕೊಟ್ಟಳು. "ಉಣ್ಸೂದು ನಿಮ್ಮದು."

ಕಲ್ಲವ್ವ ಚಮಚ ಹಿಡಿದು, ಕುರಿಮರಿಯನ್ನು ಕರೆಯುವ ಹಾಗೆ ನಾಲಿಗೆಯಿಂದ ಸಣ್ಣಗೆ ಲೊಚಗುಟ್ಟಿದಳು. ಮರಿ ಓಡಿಬಂದು ಚಮಚಕ್ಕೆ ಕೊಕ್ಕಿಟ್ಟು, ತಲೆ ಕುಣಿಸುತ್ತ ನುಂಗಿತು. ರೇಣುಕಾ ಅತ್ತೆಯ ಮಣಿಕಟ್ಟಿನ ಕೆಳಗೆ ತನ್ನ ಕೈ ಆನಿಸಿ ನಿಂತಳು. ನನ್ನ ಕಣ್ಣು ತುಂಬಿ ಬಂತು. ಸಿರಿಂಜ್ ತೊಳೆಯುವ ನೆವದಿಂದ ಆ ಕಡೆ ತಿರುಗಿದೆ.

ಮರಿ ಬದುಕಿತು. ಕೆಲವು ವಾರಗಳಲ್ಲಿ ನೆನೆಸಿದ ನವಣೆ ತಿನ್ನಲು ಕಲಿತು, ರೇಣುಕಾಳ ಹೆಗಲಿಗೂ ಬಂತಂತೆ. ರೇಣುಕಾ ತವರಿಗೆ ಹೋಗಲಿಲ್ಲ.

ಹೊಸದಾಗಿ ತಂದ ಮರಿ ಮನೆಗೆ ಹೊಂದಿಕೊಳ್ಳುವುದು ಒಂದು ಕೈಯನ್ನು ನಂಬಿಕೊಂಡು. ಆ ಕೈ ತಪ್ಪು ಮಾಡಿದ್ದರೂ ಮರಿಗೆ ಅದು ತಿಳಿಯುವುದಿಲ್ಲ. ಈಗ ನನ್ನ ಬಳಿ ಯಾರೇ ಮರಿ ತರಲಿ, ಏನು ತಿನ್ನಿಸಿದಿರಿ ಎನ್ನುವ ಮೊದಲು ಯಾರು ತಿನ್ನಿಸಿದಿರಿ ಎಂದು ಕೇಳುತ್ತೇನೆ, ಮತ್ತು ಅವರನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.