ಬೂದ್ಯಾನ ಪಥ್ಯ, ನನ್ನ ಹರಕೆ

"ವೈನೀ, ಹೊಟ್ಟಿ ಆಪರೇಶನ್ ಯಾರಿಗೆ ಆಗ್ಯದ್ರೀ? ಅಣ್ಣಗೋ, ಅವ್ವಗೋ?"

ನನ್ನ ನಾದಿನಿ ಗಂಗವ್ವ ಮಾನ್ವಿಯಿಂದ ಮೊದಲ ಮೋಟಾರಿಗೆ ಹೊರಟು, ರಾಯಚೂರಲ್ಲಿಳಿದು, ನಮ್ಮ ಹೊಸ್ತಿಲ ಮೇಲೆ ನಿಂತು ಆಡಿದ ಮೊದಲ ಮಾತು ಇದು. ನಮ್ಮ ಮನೆಯಲ್ಲಿ ಹೊಟ್ಟೆ ಆಪರೇಶನ್ ಆಗಿದೆ ಅಂತಷ್ಟೇ ಯಾರದೋ ಬಾಯಿಂದ ಸುದ್ದಿ ಮುಟ್ಟಿತ್ತಂತೆ; ಅತ್ತು ಅತ್ತು ಕಣ್ಣು ಕೆಂಪಗಾಗಿದ್ದವು. ಕಂಕುಳಲ್ಲಿ ಒಂದು ಡಬ್ಬಿ.

ಅವಳ ಅಣ್ಣ, ಅಂದರೆ ನಮ್ಮ ಮನೆಯವರು, ಕಚೇರಿಗೆ ಹೋಗಿದ್ದರು. ಅವಳ ಅವ್ವ, ಅಂದರೆ ನಮ್ಮ ಅತ್ತೆ, ಹಿಂದಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ದೇವರ ದಯೆಯಿಂದ ಇಬ್ಬರ ಹೊಟ್ಟೆಯೂ ಗಟ್ಟಿಯಾಗಿಯೇ ಇದೆ.

"ಬಾ ಗಂಗವ್ವಾ, ಪೇಷಂಟಿನ್ನ ತೋರಸ್ತೀನಿ" ಅಂತ ಹಿಂದಿನ ಪಡಸಾಲೆಗೆ ಕರೆದುಕೊಂಡು ಹೋದೆ.

ಅಲ್ಲಿ ಹಳೆ ಕೌದಿಯ ಮೇಲೆ ಮಲಗಿದ್ದ, ನಮ್ಮ ನಾಯಿ ಬೂದ್ಯಾ. ಹೊಟ್ಟೆಗೆ ನನ್ನ ಹಳೆ ಸೀರೆ ಹರಿದು ಕಟ್ಟಿದ ಪಟ್ಟಿ. ಕೊರಳಿಗೆ ತಳ ಕಿತ್ತ ಬಿದಿರಿನ ಬುಟ್ಟಿ. (ಗಾಯ ನೆಕ್ಕಬಾರದಲ್ಲ, ಅದಕ್ಕೆ. ಅತ್ತೆಯವರ ಐಡಿಯಾ.) ಬುಟ್ಟಿಯ ನಡುವೆ ಮುಖವಿಟ್ಟುಕೊಂಡು, ಬಾಸಿಂಗ ಕಟ್ಟಿಸಿಕೊಂಡ ಮದುಮಗನ ಹಾಗೆ ಕಾಣುತ್ತಿದ್ದ.

"ಯವ್ವಾ! ನಾಯಿಗೇನ್ರೀ?" ಗಂಗವ್ವ ಕಂಕುಳ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. "ರೇಶನ್ ಕಾರ್ಡಿನ ಸಕ್ರಿ ಕೂಡಿಸಿ ಕೂಡಿಸಿ ಇಟ್ಟಿದ್ನೆಲ್ರೀ, ಎಲ್ಲಾ ಸುರದು ಉಂಡಿ ಕಟಗೊಂಡು ಬಂದೀನಿ!"

ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. "ಬಂದದ್ದು ಬಂದಿ, ಇನ್ನೊಂದೀಟು ಅತ್ತು ಬಿಡು ಬೇ. ಮೋಟಾರಿನ್ಯಾಗ ಅತ್ತದ್ದು ದಂಡ ಆಗೋದು ಬ್ಯಾಡ."

ಆಪರೇಶನ್ ಯಾಕಾಯಿತು ಅಂತ ಹೇಳಿಬಿಡುತ್ತೇನೆ. ಬೂದ್ಯಾ ನನ್ನ ತವರು ದೇವದುರ್ಗದವನು. ಎಂಟು ವರ್ಷದ ಹಿಂದೆ ನನ್ನ ತಮ್ಮ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದುಕೊಟ್ಟ ಮರಿ. ವಿಭೂತಿಯ ಬಣ್ಣ, ಅದಕ್ಕೇ ಬೂದ್ಯಾ. ಸಾಧು ಪ್ರಾಣಿ, ಆದರೆ ಒಂದು ಚಟ: ಗಾಡಿ ಎತ್ತು ಕಂಡರೆ ವಾದಕ್ಕೆ ನಿಲ್ಲಬೇಕು. ರಾಯಚೂರಿನ ಎತ್ತುಗಳೆಲ್ಲ ಎಂಟು ವರ್ಷ ಕೇಳಿಸಿಕೊಂಡು ಸುಮ್ಮನೆ ಹೋದವು. ಹದಿನೈದು ದಿನದ ಹಿಂದೆ ಹತ್ತಿ ಗಾಡಿಯ ಎತ್ತೊಂದು ಕೇಳಿಸಿಕೊಳ್ಳಲಿಲ್ಲ. ತಲೆ ಬಗ್ಗಿಸಿ ಒಂದೇ ತಿವಿತ. ಹೊಟ್ಟೆ ಹರಿದು ಕರುಳು ಹೊರಗೆ.

ಟಾಂಗಾದಲ್ಲಿ ಹಾಕಿಕೊಂಡು ದನದ ದವಾಖಾನೆಗೆ ಓಡಿದೆವು. ಸದಾ ದೌರೆಯ ಮೇಲಿರುವ ಡಾಕ್ಟರ್ ಸಾಹೇಬರು ಅವತ್ತು ಊರಲ್ಲೇ ಇದ್ದರು (ದೇವರು ದೊಡ್ಡವನು). ಕೊಂಬು ಕರುಳಿಗೆ ತಾಗಿರಲಿಲ್ಲ (ಮತ್ತೂ ದೊಡ್ಡವನು).

"ಎತ್ತು, ಎಮ್ಮಿ, ಕುದರಿ ಎಲ್ಲಾ ಹೊಲದೀನಿ ಅಮ್ಮಾ. ನಾಯಿ ಹೊಟ್ಟಿ ಇದ ಪೈಲಾ" ಅಂದರು ಸಾಹೇಬರು. ಬೂದ್ಯಾನ ಮೂಗಿಗೆ ಔಷಧದ ಬಟ್ಟೆ ಹಿಡಿದು ಒಳಗೆ ಎತ್ತಿಕೊಂಡು ಹೋದರು. ನಾನು ಹೊರಗೆ ಬೇವಿನ ಮರದ ಕೆಳಗೆ ಕೂತೆ. ಕೂತವಳು ಸುಮ್ಮನೆ ಕೂತೆನೇ? ಹರಕೆ ಹೊತ್ತೆ.

"ಈರಭದ್ರಾ, ಇದರ ಹೊಲಿಗಿ ಬಿಚ್ಚೂತನಕ ನಾ ಉಣ್ಣೂ ಗಂಗಾಳದ ಮುಂದ ಕೂಡಂಗಿಲ್ಲ. ಒಂದೀಟು ಹಾಲು, ಒಂದು ಬಾಳಿಹಣ್ಣು, ಅಷ್ಟ. ಇದರ ಜೀವಾ ಒಂದು ಉಳಿಸಿ ಕೊಡಪ್ಪಾ."

ಯಾರಿಗೂ ಹೇಳಲಿಲ್ಲ. ಹರಕೆ ಬಾಯಿಬಿಟ್ಟು ಹೇಳಿದರೆ ಅರ್ಧ ಫಲ ಕೇಳಿಸಿಕೊಂಡವರಿಗೆ ಹೋಗುತ್ತದೆ ಅಂತ ನನ್ನ ತಾಯಿ ನಂಬಿದ್ದರು.

ಜೀವ ಉಳಿಯಿತು. ಹದಿನಾರು ಹೊಲಿಗೆ. ಎರಡು ದಿನ ಕಾಸಿ ಆರಿಸಿದ ನೀರು ಮಾತ್ರ, ಮೂರನೆಯ ದಿನದಿಂದ ಉಪ್ಪಿಲ್ಲದ ತಿಳಿ ಗಂಜಿ ಅಂತ ಹೇಳಿ ಸಾಹೇಬರು ಮನೆಗೆ ಕಳಿಸಿದರು. ನೆಗೆಯಬಾರದು, ನೆಕ್ಕಬಾರದು, ದಿನಕ್ಕೆರಡು ಸಲ ಗಾಯ ತೊಳೆದು ಪೌಡರು ಹಾಕಬೇಕು.

ಮನೆಯೇ ದವಾಖಾನೆಯಾಯಿತು. ಕಚೇರಿಯಲ್ಲಿ ನಮ್ಮ ಮನೆಯವರ ಮುಂದೆ ಅರ್ಜಿ ಹಿಡಿದವರು ಕೈ ಕಟ್ಟಿ ನಿಲ್ಲುತ್ತಾರಂತೆ. ಇಲ್ಲಿ ಅವರು ದಿನಾ ಮುಂಜಾನೆ ಬೂದ್ಯಾನನ್ನು ಕೂಸಿನ ಹಾಗೆ ಹಿತ್ತಲಿಗೆ ಎತ್ತಿಕೊಂಡು ಹೋಗಿ, "ಆತೇನಪಾ? ಇನ್ನಾ ಇಲ್ಲೇನು?" ಅಂತ ಅವನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು.

ಎಲ್ಲ ಸರಿಯಾಗಿತ್ತು. ಒಂದೇ ತೊಂದರೆ. ಮೂರನೆಯ ದಿನ ಗಂಜಿ ಇಟ್ಟರೆ ಬೂದ್ಯಾ ಮೂಸಿಯೂ ನೋಡಲಿಲ್ಲ.

ನಾನಿಟ್ಟೆ. ಇವರಿಟ್ಟರು. ಎಂಟು ವರ್ಷ ಅವನಿಗೆ "ಹಚಾ" ಬಿಟ್ಟು ಬೇರೆ ಮಾತಾಡದ ಅತ್ತೆ, ಬಟ್ಟಲು ಹಿಡಿದು "ಉಣ್ಣಪಾ ನನ್ನ ದೊರಿ" ಅಂದರು. ದೊರೆ ಬುಟ್ಟಿಯ ಸಮೇತ ಮುಖ ತಿರುಗಿಸಿದ.

ನಾಲ್ಕನೆಯ ದಿನ ಮುಂಜಾನೆ ಸಾಹೇಬರೇ ಮನೆಗೆ ಬಂದರು. ಹೊಟ್ಟೆ ಒತ್ತಿದರು, ಕಣ್ಣು ನೋಡಿದರು.

"ಗಾಯ ಸಾಫ್ ಅದ. ಜ್ವರಾ ಇಲ್ಲ. ಮತ್ತ್ಯಾಕ ಉಣವಲ್ದು? ಅಮ್ಮಾ, ನಾನು ಹೊಲದೀನಿ ಅಷ್ಟ. ಗಾಯ ಕೂಡೋದು ಅನ್ನದಿಂದ. ನಾಳಿತನಕ ಹಿಂಗ ಇದ್ರ..." ಅಂದವರು ಮುಂದಿನ ಮಾತು ಆಡದೆ ಬೂಟು ಹಾಕಿಕೊಂಡರು.

ಗಂಗವ್ವ ಅಳುತ್ತ ಬಂದದ್ದು ಅದೇ ದಿನ. ಒಳಗೊಳಗೆ ಅವಳಿಗಿಂತ ಹೆಚ್ಚು ನಾನೇ ಅಳುತ್ತಿದ್ದೆ.

ಮಧ್ಯಾಹ್ನ ಇವರು ಬಂದು ಉಂಡು ಹೋದರು. ಅತ್ತೆ ಉಂಡರು. ಗಂಗವ್ವನಿಗೂ ಬಡಿಸಿದೆ. ಅವಳು ಉಂಡೆದ್ದು, ಎಲೆಗೆ ಸುಣ್ಣ ಹಚ್ಚುತ್ತ ಹಿಂದಿನ ಬಾಗಿಲಲ್ಲಿ ಕೂತಳು. ಮಾನ್ವಿಯವರ ಕಣ್ಣು ಚುರುಕು. ನಾನು ಒಲೆಯ ಕಡೆ ಹೋದರೆ ಬುಟ್ಟಿ ಒಲೆಯ ಕಡೆ ತಿರುಗುತ್ತಿತ್ತು. ಬಚ್ಚಲ ಕಡೆ ಹೋದರೆ ಆ ಕಡೆ. ನನ್ನ ಗಂಗಾಳ ಕೈಗೆತ್ತಿಕೊಂಡೆ, ಬೂದ್ಯಾನ ಕಿವಿ ನಿಮಿರಿದವು. ಅದನ್ನು ಒರೆಸಿ ಮಗುಚಿಟ್ಟೆ. ಬೂದ್ಯಾ ತಲೆ ಕೆಳಗಿಟ್ಟು ಉಸಿರು ಬಿಟ್ಟ.

"ವೈನೀ, ನೀವು ಉಂಡ್ರೇನು?"

"ಹ್ಞೂಂ... ಆಮ್ಯಾಲ ಉಣತೀನಿ."

"ನಿನ್ನಿ ಉಂಡಿದ್ರಿ?"

ನಾನು ಬೋಗುಣಿ ತಿಕ್ಕತೊಡಗಿದೆ.

"ಮೊನ್ನಿ?"

ಇನ್ನೂ ಜೋರಾಗಿ ತಿಕ್ಕಿದೆ.

"ಅವ್ವಾ! ಇಲ್ಲಿ ಬಾರಬೇ! ವೈನಿ ಉಂಡಿಲ್ಲ, ಅದಕ್ಕ ನಾಯಿ ಉಂಡಿಲ್ಲ!"

ಬೂದಿ ಹಿಡಿದ ನನ್ನ ಕೈ ಹಾಗೇ ನಿಂತಿತು. ಹೌದಲ್ಲ! ನಾನು ಎಲ್ಲರೂ ಉಂಡ ಮೇಲೆ ಉಣ್ಣುವವಳು. ನನ್ನ ರೊಟ್ಟಿಯ ಕಡೆಯ ಚೂರು ಬೂದ್ಯಾನದು. ಅದು ಬಿದ್ದ ಮೇಲೆಯೇ ಅವನು ತನ್ನ ಬಟ್ಟಲಿಗೆ ಬಾಯಿ ಹಾಕುವುದು. ಎಂಟು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ. ಸೋಮವಾರ ನಾನು ಒಂದು ಹೊತ್ತು ಅಂದರೆ ಅವನೂ ಒಂದು ಹೊತ್ತು, ಓಣಿಯವರೆಲ್ಲ ನಗುತ್ತಿದ್ದರು. ಅವನ ಜೀವ ಉಳಿಯಲಿ ಅಂತ ಗಂಗಾಳ ಬಿಟ್ಟವಳು ನಾನು. ನನ್ನ ಗಂಗಾಳಕ್ಕಾಗಿ ಕಾಯುತ್ತ ಸಾಯುವ ದಾರಿ ಹಿಡಿದವನು ಅವನು!

ಅತ್ತೆ ಬಂದು ನಿಂತರು. "ನಾಕು ದಿನಾ ಆತೇನ ನೀ ಉಣಲಾರದ? ನನ್ನ ಮೂಗಿನ ಕೆಳಗ ಅಡ್ಡಾಡಾಕತ್ತಿ, ನನಗ ಗೊತ್ತಿಲ್ಲ?"

ಹೇಗೆ ಗೊತ್ತಾಗಬೇಕು ಹೇಳಿ? ಕಡೆಗೆ ಉಣ್ಣುವವಳನ್ನು ಯಾರು ನೋಡುತ್ತಾರೆ? ಅಷ್ಟೊತ್ತಿಗೆ ಗಂಡಸರು ಹೊರಗೆ, ಹಿರಿಯರು ಅಡ್ಡಾಗಿರುತ್ತಾರೆ. ಅದು ಯಾರ ತಪ್ಪೂ ಅಲ್ಲ, ರೂಢಿ. ನಿಮ್ಮ ಮನೆಯಲ್ಲೂ ಕಡೆಗೆ ಉಣ್ಣುವಾಕೆ ಒಬ್ಬಳಿದ್ದಾಳಲ್ಲ, ನಿನ್ನೆ ಆಕೆ ಉಂಡಳೇನು? ಥಟ್ಟನೆ ಹೇಳಿ ನೋಡೋಣ.

"ಹರಕಿ ಹೊತ್ತೀನ್ರೀ ಅತ್ತಿ, ಮುರಿಯಂಗಿಲ್ಲ" ಅಂದೆ.

ಗಂಗವ್ವ ಉಪಾಯ ತೆಗೆದಳು. "ಖಾಲಿ ಗಂಗಾಳ ಇಟಗೊಂಡು ಉಂಡಂಗ ಮಾಡ್ರೀ ವೈನಿ. ಅದಕ್ಕೇನು ತಿಳೀತದ?" (ಖಾಲಿ ಗಂಗಾಳದ ಮುಂದೆ ಕೂತರೆ ಹರಕೆ ಮುರಿಯುತ್ತದೋ ಇಲ್ಲವೋ ಅಂತ ಸ್ವಲ್ಪ ವಾದ ನಡೆಯಿತು. ಮುರಿಯುವುದಿಲ್ಲ ಅಂತ ಗಂಗವ್ವನೇ ತೀರ್ಪು ಕೊಟ್ಟಳು.)

ಕೂತೆ. ಇಲ್ಲದ ರೊಟ್ಟಿ ಮುರಿದೆ, ಇಲ್ಲದ ಪಲ್ಯ ಹಚ್ಚಿದೆ, ಗಾಳಿ ಅಗಿದೆ. ಬೂದ್ಯಾ ಕಿವಿ ಎತ್ತಿದ. ಆಸೆಯಿಂದ ಬೆರಳಿಗೆ ಗಂಜಿ ಹಚ್ಚಿ ಮುಂದೆ ಹಿಡಿದೆ. ನನ್ನ ಕೈ ಮೂಸಿದ. ನನ್ನ ಬಾಯಿ ಮೂಸಿದ. ಆಮೇಲೆ ನನ್ನನ್ನು ಒಂದು ನೋಟ ನೋಡಿದ ನೋಡಿ, ಸುಳ್ಳು ಸಾಕ್ಷಿ ಹೇಳಲು ಬಂದವಳನ್ನು ಮುನ್ಸೀಫರು ನೋಡುವ ಹಾಗೆ! ಬುಟ್ಟಿ ಆ ಕಡೆ ತಿರುಗಿತು. ಅತ್ತೆಗೆ ನಕ್ಕು ನಕ್ಕು ಅಡಿಕೆ ನೆತ್ತಿಗೆ ಹತ್ತಿತು.

ನನಗೆ ಮಾತ್ರ ನಗು ಬರಲಿಲ್ಲ. ಸಾಹೇಬರು ನುಂಗಿಕೊಂಡ ಮಾತು ಕಿವಿಯಲ್ಲೇ ಇತ್ತು. ಎದ್ದು ಕೈ ತೊಳೆದು ದೇವರ ಜಗುಲಿಯ ಮುಂದೆ ಹೋಗಿ ನಿಂತೆ.

"ಯಪ್ಪಾ, ನನ್ನ ಉಪವಾಸ ಬೇಕಂತ ನೀ ಕೇಳಿದ್ದಿಲ್ಲ. ನೀ ಕೇಳಲಾರದ ಕೊಟ್ಟಿದ್ದೆ, ನಿನ್ನ ಕೇಳಲಾರದ ವಾಪಸ್ ತಗೊಳ್ಳಾಕತ್ತೀನಿ. ಸಿಟ್ಟಿದ್ರ ನನ್ನ ಮ್ಯಾಲಿರಲಿ, ಆ ಮೂಕಪ್ರಾಣಿ ಮ್ಯಾಲ ಬ್ಯಾಡ."

ದೀಪ ಆರಲಿಲ್ಲ. ಹೂವು ಬೀಳಲಿಲ್ಲ. ಅಷ್ಟೇ ಸಾಕು ಅಂದುಕೊಂಡೆ.

ಗಂಗಾಳ ಹಾಕಿಕೊಂಡು ಕೂತೆ. ಆದರೆ ಉಣ್ಣುವುದು ಏನನ್ನು? ಕಡೆಯ ತುತ್ತು ಅವನಿಗೆ ಹೋಗಬೇಕು, ಅವನಿಗೆ ರೊಟ್ಟಿ ವರ್ಜ್ಯ. ಹಾಗಾಗಿ ಅವನ ಉಪ್ಪಿಲ್ಲದ ತಿಳಿ ಗಂಜಿಯನ್ನೇ ನಾನೂ ಸುರಿದುಕೊಂಡು ಸೊರ ಸೊರ ಕುಡಿದೆ. ಕಡೆಯ ಗುಟುಕನ್ನು ಅಂಗೈಯಲ್ಲಿ ಹಿಡಿದು ಚಾಚಿದೆ.

ನೆಕ್ಕಿದ. ಅಂಗೈ, ಬೆರಳ ಸಂದಿ, ಮಣಿಕಟ್ಟು, ಎಲ್ಲ ನೆಕ್ಕಿದ. ಆಮೇಲೆ ಬುಟ್ಟಿ ಬಟ್ಟಲಿಗೆ ಬಡಿದು ಟಕ್ ಟಕ್ ಸದ್ದು. ಬಟ್ಟಲು ಖಾಲಿ.

"ಅಡ್ಡಿಯಿಲ್ಲ" ಅಂದರು ಅತ್ತೆ. "ಒಂದ ಮನ್ಯಾಗ ಎರಡು ಬಾಣಂತನ."

ಹತ್ತು ದಿನ ಇಬ್ಬರದೂ ಒಂದೇ ಪಥ್ಯ. ಖಾರವಿಲ್ಲ, ಎಣ್ಣೆಯಿಲ್ಲ, ಗಂಗವ್ವನ ಉಂಡಿ ಕಣ್ಣಿಗೆ ಮಾತ್ರ. ಗಂಗಾಳ ಬಿಟ್ಟಿದ್ದರೇ ಹಗುರವಿತ್ತೇನೋ! ಈರಭದ್ರ ಹರಕೆಯನ್ನು ಬಿಟ್ಟುಕೊಡಲಿಲ್ಲ ಅಂತ ನನ್ನ ಅನುಮಾನ. ತಿದ್ದಿ ನಡೆಸಿಕೊಂಡ, ಅಷ್ಟೇ.

ಮೊನ್ನೆ ಹೊಲಿಗೆ ಬಿಚ್ಚಿದ ಸಾಹೇಬರು ಗಾಯ ನೋಡಿ ಖುಷಿಯಾದರು. "ಯಾವ ದವಾ ಕೊಟ್ರಿ ಅಮ್ಮಾ?"

"ನಾನು ಉಂಡ್ನಿರೀ."

"ನೀವು?"

"ಹೌದ್ರೀ, ನಾನು."

ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಕೈ ತೊಳೆಯಲು ಹೋದರು.

ಈಗ ನಮ್ಮ ಮನೆಯವರು ದಿನಾ "ಉಂಡೇನು?" ಅಂತ ಕೇಳುತ್ತಾರೆ. ನಾನು ಅವರಿಗೇ ಬಡಿಸುತ್ತ ಸೌಟು ಹಿಡಿದು ನಿಂತಿರುವಾಗ ಕೇಳುತ್ತಾರೆ, ಇರಲಿ. ಕೇಳುತ್ತಾರಲ್ಲ.

ನಿನ್ನೆ ಮಧ್ಯಾಹ್ನ ಹದಿನೈದು ದಿನದ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಉಂಡಿ ಹಾಕಿಕೊಂಡು ಕೂತೆ. ಬುಟ್ಟಿ ಕಳಚಿದ ಬೂದ್ಯಾ ತನ್ನ ಜಾಗದಲ್ಲಿ ಕೂತ. ಉಂಡ ಕೂಡಲೇ ಅಡ್ಡಾಗುವ ಅತ್ತೆ ಅವತ್ತು ಬಂದು ಬಾಗಿಲಿಗೆ ಒರಗಿ ಕೂತರು. ನನ್ನ ಗಂಗಾಳವನ್ನೇ ನೋಡುತ್ತಿದ್ದರು.

"ನೀವು ಹೋಗಿ ಅಡ್ಡಾಗ್ರೀ ಅತ್ತಿ. ನಾ ಉಣ್ಣೋದು ನೋಡಾಕ ಬೂದ್ಯಾ ಅದಾನಲ್ಲ" ಅಂದೆ.

ಅವರು ಏಳಲಿಲ್ಲ. ಬೂದ್ಯಾನ ತಲೆಯ ಮೇಲೆ ಮೊದಲ ಸಲ ಕೈ ಇಟ್ಟು ಅಂದರು:

"ನಮ್ಮ ಕಾಲಕ್ಕ ನಾಯಿನೂ ಇದ್ದಿಲ್ಲ ಬೇ."